ಹಂಡೆಗೆ ಹೊಂದುವ ಸುತ್ತಿಗೆ

"ಅಜ್ಜಾರ, ಮೆತ್ತಗ ಹೇಳಿ ನೋಡಿದೆ. ಬೈದು ನೋಡಿದೆ. ಮಾತು ಬಿಟ್ಟು ನೋಡಿದೆ. ಇನ್ನ ಯಾವ ಮಾತು ಉಳದೈತಿ, ನೀವ ಹೇಳ್ರಿ."

ಹೀಗೆ ಕೇಳಿದವನು ಅರಿವೆ ವ್ಯಾಪಾರಿ ಗುರುಶಾಂತಪ್ಪ, ಮಠಕ್ಕೆ ಬಹಳ ಕಾಲದಿಂದ ನಡೆದುಕೊಳ್ಳುತ್ತಿದ್ದ ಶಿಷ್ಯ. ಪ್ರಶ್ನೆ ಅವನ ತಮ್ಮ ಪರಪ್ಪನ ಕುರಿತದ್ದು. ತಂದೆ ತೀರಿಕೊಂಡಾಗ ಪರಪ್ಪನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವನು ಅಣ್ಣನೇ. ಈಗ ಆ ತಮ್ಮ ಅಂಗಡಿಯಲ್ಲಿ ಗಿರಾಕಿಗಳಿಗೆ ಬೆನ್ನು ಹಾಕಿ ಕೂರುತ್ತಾನೆ. ಕೇಳಿದ್ದಕ್ಕೆ ಉತ್ತರವಿಲ್ಲ. ಮನೆಗೆ ಬಂದರೆ ತಲೆ ತಗ್ಗಿಸಿ ಉಂಡು, ಕೈತೊಳೆದು ಎದ್ದು ಹೋಗುತ್ತಾನೆ.

ಅಂದು ಸಂಜೆ ಓಣಿಯ ಹಿರಿಯರನ್ನು ಮನೆಗೆ ಕರೆಸಿ, ಅವರೆದುರು ತಮ್ಮನನ್ನು ನಿಲ್ಲಿಸಿ, ಕಡೆಯ ಮಾತು ಆಡಿಬಿಡುವುದೆಂದು ಗುರುಶಾಂತಪ್ಪ ನಿಶ್ಚಯಿಸಿದ್ದ. ಬಗ್ಗಿದರೆ ಸರಿ, ಇಲ್ಲವಾದರೆ ಹೊಸ್ತಿಲು ದಾಟಲಿ. ನಿಶ್ಚಯವೇನೋ ಆಗಿತ್ತು. ಆದರೆ ತಮ್ಮ ನಿಜವಾಗಿಯೂ ದಾಟಿ ಹೋಗಿಬಿಟ್ಟರೆ ಏನು ಮಾಡುವುದು ಎಂಬ ಹೆದರಿಕೆಯೂ ಹಿಂದೆಯೇ ಬಂದಿತ್ತು. ಕೂತಲ್ಲಿ ಕೂರಲಾಗದೆ, ಅಂಗಡಿಯನ್ನು ಅರ್ಧಕ್ಕೇ ಬಿಟ್ಟು, ಬಿಸಿಲಲ್ಲೇ ಮಠದ ದಾರಿ ಹಿಡಿದಿದ್ದ.

"ಕುಂದ್ರು" ಎಂದರು ಮಠದ ಗುರುಗಳು.

"ಕುಂದ್ರಾಕ ಹೊತ್ತಿಲ್ಲರಿ. ಸಂಜಿಗೆ ಮಂದಿ ಬರ್ತಾರ. ಅವರ ಮುಂದ ಬಿರುಸಾಗಿ ಆಡ್ಲೋ, ಕೈಮುಗಿದು ಹೇಳ್ಲೋ, ಅಷ್ಟ ಹೇಳಿಬಿಡ್ರಿ. ಹೋಗ್ತೀನಿ."

"ಒಂದು ಕತಿ ಐತಿ. ಕೇಳಿ ಹೋಗು."

ಕತೆ ಕೇಳುವ ತಾಳ್ಮೆ ಅವನಲ್ಲಿ ಉಳಿದಿರಲಿಲ್ಲ. ಆದರೂ ಗುರುಗಳಿಗೆ ಇಲ್ಲ ಎನ್ನಲಾಗದೆ ಕಂಬಕ್ಕೆ ಒರಗಿ, ಕಣ್ಣನ್ನು ಬಾಗಿಲ ಕಡೆಗಿಟ್ಟು ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕಂಚುಗಾರನಿದ್ದ. ತಾಮ್ರ ಹಿತ್ತಾಳೆಯ ಪಾತ್ರೆ ಬಡಿಯುವುದು, ನೆಗ್ಗಿದ್ದನ್ನು ಸರಿಮಾಡುವುದು ಅವನ ಕಸುಬು. ಕೈ ಚೊಕ್ಕವಾಗಿತ್ತು. ಆದರೆ ಅವನ ಹೆಮ್ಮೆಯೆಲ್ಲ ಸುತ್ತಿಗೆಗಳ ಮೇಲೆ. ಚಪ್ಪಟೆ ಮುಖದ್ದು, ಗುಂಡು ಮುಖದ್ದು, ಹಕ್ಕಿಯ ಕೊಕ್ಕಿನಂತೆ ಚೂಪಾದದ್ದು, ಮರದ ಕೊಡತಿ, ಎಲ್ಲವನ್ನೂ ಗೋಡೆಗೆ ಸಾಲಾಗಿ ತೂಗುಹಾಕಿದ್ದ. ಬಂದ ಗಿರಾಕಿಗಳಿಗೆ, ಅವರು ಕೇಳಲಿ ಬಿಡಲಿ, ಒಂದೊಂದರ ಗುಣವನ್ನೂ ಹೇಳುತ್ತಿದ್ದ. ಕೆಲಸ ಕೆಟ್ಟಿತೆಂದರೆ ಸುತ್ತಿಗೆ ಆರಿಸಿದ್ದು ತಪ್ಪಿದೆ ಎಂದೇ ಲೆಕ್ಕ ಎನ್ನುತ್ತಿದ್ದ. ಆ ಮಾತು ಅರ್ಧ ನಿಜ. ಅರ್ಧ ನಿಜವನ್ನು ನಂಬಿ ಕೂತವನನ್ನು ಅಲ್ಲಿಂದ ಎಬ್ಬಿಸುವುದು ಬಲು ಕಷ್ಟ.

ಒಂದು ಮುಂಜಾನೆ ಒಬ್ಬ ಹೆಂಗಸು ತಾಮ್ರದ ಹಂಡೆಯನ್ನು ಸೊಂಟದ ಮೇಲೆ ಹೊತ್ತು ಬಂದಳು. ಮರುದಿನ ಅವಳ ಮಗಳ ಮದುವೆ. ಮದುಮಗಳಿಗೆ ಎರೆಯುವ ಸುರಗಿಯ ನೀರು ಆ ಹಂಡೆಯಲ್ಲೇ ಕಾಯಬೇಕು. ಅವಳ ತಾಯಿಗೂ ಅದೇ ಹಂಡೆಯ ನೀರು ಎರೆದಿದ್ದರು, ಅವಳಿಗೂ ಎರೆದಿದ್ದರು. ಅಟ್ಟದಿಂದ ಇಳಿಸುವಾಗ ಕೈಜಾರಿ ಬಿದ್ದು, ಹಂಡೆಯ ಹೊಟ್ಟೆಯಲ್ಲಿ ಅಂಗೈಯಗಲ ನೆಗ್ಗು ಬಿದ್ದಿತ್ತು. ಬೀಗರು ಬರುವ ಮನೆ. ನೆಗ್ಗಿದ ಹಂಡೆಯನ್ನು ಒಲೆಯ ಮೇಲೆ ಇಡಲು ಅವಳಿಗೆ ನಾಚಿಕೆ.

ಕಂಚುಗಾರ ಹಂಡೆಯನ್ನು ತಿರುಗಿಸಿ ನೋಡಿ ನಕ್ಕ. "ಇಷ್ಟಕ್ಕ ಅಂಜೀ ಏನವ್ವ? ಒಂದು ಎಲಿ ಅಡಿಕಿ ಹಾಕ್ಕೊಳ್ಳೋದ್ರಾಗ ಸರಿ ಮಾಡಿ ಕೊಡ್ತೀನಿ" ಎಂದ. ಅದೇ ಕಸುಬಿನ ಎದುರಂಗಡಿಯವನಿಗೂ ಕೇಳಿಸಲಿ ಎಂದು ತುಸು ಗಟ್ಟಿಯಾಗಿಯೇ ಅಂದ.

ಅವನನ್ನು ಕೆಡಿಸಿದ್ದು ಆ ಮಾತು. ತಾಮ್ರದ ಗುಣ ಹೀಗಿದೆ: ಕಾಯಿಸಿದರೆ ಮೆತ್ತಗಾಗುತ್ತದೆ, ಬಡಿದಷ್ಟೂ ಬಿರುಸಾಗುತ್ತದೆ. ಅದಕ್ಕೇ ಕಸುಬಿನವರು ಸ್ವಲ್ಪ ಬಡಿದು, ಬೆಂಕಿಗೆ ಹಿಡಿದು, ಮತ್ತೆ ಬಡಿಯುತ್ತಾರೆ. ಇದು ಕಂಚುಗಾರನಿಗೆ ಗೊತ್ತಿಲ್ಲದ್ದಲ್ಲ, ಅವನಪ್ಪ ಮೊದಲು ಕಲಿಸಿದ್ದೇ ಇದನ್ನು. ಆದರೆ ಅಂದು ಕುಲುಮೆ ತಣ್ಣಗಿತ್ತು. ಇದ್ದಿಲು ಸುರಿದು, ತಿದಿ ಒತ್ತಿ, ಹಂಡೆ ಕಾಯುವವರೆಗೆ ಕಾಯಬೇಕಿತ್ತು. ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಎಂದವನು ಈಗ ಬೆಂಕಿ ಹೊತ್ತಿಸಲು ಕೂತರೆ ಅವಳೇನೆಂದುಕೊಂಡಾಳು, ಎದುರಂಗಡಿಯವನು ಎಷ್ಟು ನಕ್ಕಾನು? ಕಂಚುಗಾರ ಕುಲುಮೆಯ ಕಡೆ ನೋಡಲಿಲ್ಲ. ಗೋಡೆಯ ಕಡೆ ಕೈ ಚಾಚಿದ.

ಮೊದಲು ಗುಂಡು ಮುಖದ ಸುತ್ತಿಗೆ ತೆಗೆದುಕೊಂಡ. ಹಂಡೆಯನ್ನು ಮರದ ದಿಮ್ಮಿಯ ಮೇಲೆ ಓರೆಯಾಗಿ ಆನಿಸಿ, ಒಳಗೆ ಕೈ ಇಳಿಸಿ, ನೆಗ್ಗಿನ ಬೆನ್ನಿಗೆ ಬಡಿದ. ನೆಗ್ಗು ಅರ್ಧ ಎದ್ದಿತು. ಅವನು ಹಿಗ್ಗಿದ. ಇನ್ನಷ್ಟು ಬಡಿದ. ಉಳಿದರ್ಧ ಏಳಲಿಲ್ಲ. ಸುತ್ತಿಗೆ ಹಗುರವಾಯಿತು ಎಂದುಕೊಂಡು ಭಾರದ್ದನ್ನು ಇಳಿಸಿದ. ನೆಗ್ಗು ಎದ್ದ ಪಕ್ಕದಲ್ಲೇ ಬೇರೊಂದು ಕಡೆ ಉಬ್ಬಿತು. ಉಬ್ಬನ್ನು ತಗ್ಗಿಸಲು ಚಪ್ಪಟೆ ಮುಖದ್ದು ತಂದ. ಉಬ್ಬು ತಗ್ಗಿ, ಅಂಚಿನಲ್ಲಿ ನೆರಿಗೆ ಎದ್ದಿತು. ಇಷ್ಟೊಂದು ಒರಟುತನ ಬೇಡವೆಂದು ಮರದ ಕೊಡತಿ ಹಿಡಿದ. ಕೊಡತಿ ಬರೀ ಪುಟಿದು ಪುಟಿದು ಬಂತು. ಹೊತ್ತು ಏರುತ್ತಿತ್ತು. ಅವನ ಅಂಗಿ ಬೆನ್ನಿಗೆ ಅಂಟಿತ್ತು. ಮೊದಲು ದಪ್ಪ ದನಿಯಲ್ಲಿ ಗುಂಯ್ ಎನ್ನುತ್ತಿದ್ದ ಹಂಡೆ ಈಗ ಪೆಟ್ಟಿಗೊಮ್ಮೆ ಕಿವಿಗೆ ಚುಚ್ಚುವಂತೆ ಕಿರುಗುಟ್ಟುತ್ತಿತ್ತು. ತಾಮ್ರ ಬಿರುಸಾಗಿದೆ ಎಂದು ತಿಳಿಯಲು ಕಸುಬಿನವನ ಕಿವಿಗೆ ಆ ಸದ್ದೊಂದೇ ಸಾಕಾಗಿತ್ತು, ಆದರೆ ಅವನ ಗಮನವೆಲ್ಲ ಮುಂದಿನ ಸುತ್ತಿಗೆಯ ಮೇಲಿತ್ತು.

ಕಟ್ಟೆಯ ಮೇಲೆ ಕೂತಿದ್ದ ಹೆಂಗಸಿಗೆ ತಡೆಯಲಾಗಲಿಲ್ಲ. "ಸಾಕು ಬಿಡಣ್ಣ. ನೆಗ್ಗು ಇದ್ದರ ಇರ್ಲಿ. ಆ ಮಗ್ಗಲ ಗ್ವಾಡಿ ಕಡೆ ಮಾಡಿ ಇಡ್ತೀನಿ" ಎಂದಳು.

"ತಡಿಯವ್ವ. ಇದಕ್ಕ ಹೊಂದೋ ಸುತ್ತಿಗಿ ಇನ್ನೂ ಕೈಗೆ ಬಂದಿಲ್ಲ" ಎಂದು ಅವನು ಅವಳ ಮುಖವನ್ನೂ ನೋಡದೆ ಎದುರಂಗಡಿಗೆ ನಡೆದ.

ಇಲ್ಲಿ ಗುರುಗಳು ನೀರು ಕುಡಿಯಲು ಕತೆ ನಿಲ್ಲಿಸಿದರು. ಗುರುಶಾಂತಪ್ಪ ಬಾಗಿಲ ಕಡೆಯಿಂದ ಕಣ್ಣು ತೆಗೆದು ಬಹಳ ಹೊತ್ತಾಗಿತ್ತು. ಕಂಚುಗಾರನ ಸಂಕಟ ಅವನಿಗೆ ತನ್ನದೇ ಎನ್ನುವಷ್ಟು ಹತ್ತಿರ ಬಂದಿತ್ತು.

"ಅಂವನ ಮ್ಯಾಲೆ ತಪ್ಪು ಹೊರಸಬ್ಯಾಡ್ರಿ ಅಜ್ಜಾರ. ಪಾಪ, ಹಂಡೆ ಚಂದ ಆಗ್ಲಿ ಅಂತನ ಬಡದಾನ" ಎಂದ.

"ಹೌದು. ಕೆಡಸಬೇಕು ಅಂತ ಬಡದಾಂವ ಅಲ್ಲ" ಎಂದು ಒಪ್ಪಿಕೊಂಡು ಗುರುಗಳು ಮುಂದುವರಿಸಿದರು.

ಎದುರಂಗಡಿಯವನ ಬಳಿ ಒಂದು ಹಳೆಯ ಸುತ್ತಿಗೆಯಿತ್ತು. ತೂಕದಲ್ಲಿ, ಹಿಡಿಯಲ್ಲಿ ಅದರ ಸಮ ಇನ್ನೊಂದಿರಲಿಲ್ಲ. ಅದಕ್ಕಾಗಿ ಕಂಚುಗಾರ ಬಹಳ ದಿನದಿಂದ ಬಾಯಿ ಬಾಯಿ ಬಿಡುತ್ತಿದ್ದವನೇ. ಬಿಗುಮಾನ ಬಿಟ್ಟು ಅದನ್ನು ಕೇಳಿ ತಂದ. ಬೆಂಕಿ ಹೊತ್ತಿಸುವುದಕ್ಕೆ ಅಡ್ಡ ಬಂದ ಬಿಗುಮಾನ ಸುತ್ತಿಗೆ ಬೇಡುವುದಕ್ಕೆ ಅಡ್ಡ ಬರಲಿಲ್ಲ ನೋಡು. ಬಂದು ಕೂತು, ಬೆವರು ಒರೆಸಿಕೊಂಡು, ಅಳೆದು ಸುರಿದು, ಒಂದೇ ಒಂದು ಪೆಟ್ಟು ಹಾಕಿದ. ನಿಜಕ್ಕೂ ಒಳ್ಳೆಯ ಸುತ್ತಿಗೆ. ಪೆಟ್ಟು ಬೀಳಬೇಕಾದ ಜಾಗಕ್ಕೇ ಬಿತ್ತು. ಹಂಡೆ ಒಡೆಯಿತು. ನೆಗ್ಗಿನ ನಡುವಿನಿಂದ ತಳದವರೆಗೆ ಕೂದಲೆಳೆಯಂಥ ಬಿರುಕು ಓಡಿತು.

ಬೆಸುಗೆ ಹಾಕಬಹುದಿತ್ತು. ಆದರೆ ಒಡೆದ ಹಂಡೆಯ ನೀರನ್ನು ಯಾರೂ ಮದುಮಗಳ ತಲೆಗೆ ಎರೆಯುವುದಿಲ್ಲ. ಅವಳಿಗೂ ಅದು ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೂ ಅವಳು ಎದ್ದು ಬಂದು, ಅಂಗಡಿಯ ಕೊಡದಿಂದ ಒಂದು ತಂಬಿಗೆ ನೀರು ಹಂಡೆಗೆ ಸುರಿದಳು. ನೀರು ಬಿರುಕಿನಗುಂಟ ಒಸರಿ ಅವನ ಕಾಲ ಬಳಿ ಹರಿಯಿತು.

"ತಂದು ಕೊಟ್ಟಾಗ ನೀರು ಹಿಡೀತಿತ್ತಲ್ಲಣ್ಣ" ಎಂದಳು.

ಕಂಚುಗಾರ ತಲೆ ಎತ್ತಲಿಲ್ಲ. "ಹಳೇ ತಾಮ್ರ ತಂಗಿ. ಇದರ ಗುಣಾನ ಕೆಟ್ಟದ್ದು" ಎಂದ.

ಅವಳು ಜಗಳ ಆಡಲಿಲ್ಲ. ಹಂಡೆಯನ್ನು ಬೋರಲು ಮಾಡಿ ಉಳಿದ ನೀರು ಚೆಲ್ಲಿ, ಬಂದಾಗ ಹೊತ್ತಂತೆಯೇ ಸೊಂಟದ ಮೇಲೆ ಹೊತ್ತು ಹೊರಟುಹೋದಳು. ಕಂಚುಗಾರ ಸಂಜೆಯವರೆಗೂ ಗೋಡೆಯ ಮುಂದೆ ಶತಪಥ ಹಾಕಿದ. ಒಂದು ಸುತ್ತಿಗೆ ತೆಗೆದು ನೋಡುವನು, ಇಡುವನು, ಇನ್ನೊಂದು ತೆಗೆಯುವನು. ಯಾವುದನ್ನು ಮೊದಲು ಹಿಡಿದಿದ್ದರೆ ಹಂಡೆ ಉಳಿಯುತ್ತಿತ್ತು ಎಂಬುದು ಅವನಿಗೆ ಬಗೆಹರಿಯಲೇ ಇಲ್ಲ.

ಗುರುಗಳು ಕತೆ ನಿಲ್ಲಿಸಿ ಶಿಷ್ಯನನ್ನು ಕೇಳಿದರು. "ನೀ ಹೇಳಪ. ಅಂವ ಯಾವ ಸುತ್ತಿಗಿ ಹಿಡೀಬೇಕಿತ್ತು?"

ಗುರುಶಾಂತಪ್ಪ ಕಂಬ ಬಿಟ್ಟು ನೆಟ್ಟಗೆ ಕೂತಿದ್ದ. ತುಸು ಮುಂಚೆ ಕಂಚುಗಾರನ ಪರ ವಹಿಸಿದ್ದವನು ಈಗ ಅವನ ಮೇಲೆ ಉರಿದುಬಿದ್ದ. ಆ ಹೆಂಗಸು ಒಡೆದ ಹಂಡೆ ಹೊತ್ತು ಹೋದದ್ದು ಅವನಿಗೆ ಸಹಿಸಲಾಗಿರಲಿಲ್ಲ.

"ಸುತ್ತಿಗಿ ಮಾತು ಯಾಕ್ರೀ ಅಜ್ಜಾರ? ಎಲ್ಲಾ ಸುತ್ತಿಗೀನೂ ಛಲೋ ಇದ್ದೂವು. ಮೊದಲ ಬೆಂಕಿ ಹಚ್ಚಬೇಕಿತ್ತು. ತನ್ನ ಮಾತು ಸಣ್ಣದಾಗತೈತಿ ಅಂತ ಅದನ್ನ ಬಿಟ್ಟ. ತಾನ ಬಡದು ಬಡದು ಬಿರುಸು ಮಾಡಿ, ಕಡೀಕ ತಾಮ್ರದ ಗುಣಾನ ಕೆಟ್ಟದ್ದು ಅಂತಾನಲ್ಲ, ಅಂವಗ ಏನನ್ನಬೇಕು? ಕೇಳಿದ್ರ ಸಿಟ್ಟು ಬರತೈತಿ."

 ಗುರುಗಳು ಅವನ ಕಡೆ ತಿರುಗಿದರು.

"ಗುರುಶಾಂತಾ, ಪರಪ್ಪ ನಿನ್ನ ಕೈಗೆ ಬಂದಾಗ ಎಷ್ಟು ಮೆತ್ತಗಿದ್ದ?"