ನಾಲ್ಕನೆಯ ಕೈ

ತುಂಗಭದ್ರೆಯ ದಡದ ಆ ಆಶ್ರಮದಲ್ಲಿ ಹನ್ನೆರಡು ಮಂದಿ ಶಿಷ್ಯರಿದ್ದರು. ಹನ್ನೆರಡು ಮಂದಿಯೂ ತುದಿಗಾಲಿನಲ್ಲಿ ನಡೆಯುತ್ತಿದ್ದರು.

ಹಾಗೆ ನಡೆಯಿರಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಗುರು ವಿರೂಪಯ್ಯನವರು ಹಾಗೆ ನಡೆಯುತ್ತಿದ್ದರು, ಅಷ್ಟೆ. ಬಿದಿರಿನ ಊರುಗೋಲು ಹಿಡಿದು, ಹಿಮ್ಮಡಿ ನೆಲಕ್ಕೆ ತಾಗಿಸದೆ, ಒಂದು ಮೊಣಕಾಲು ಇನ್ನೊಂದನ್ನು ಸವರಿಕೊಂಡು ಬರುವ ಹಾಗೆ.

ಇರುವೆಗೂ ನೋವಾಗದಿರಲಿ ಎಂದು ಗುರುಗಳು ಹಿಡಿದ ವ್ರತ ಅದು ಎಂದು ಹಳಬರು ಹೊಸಬರಿಗೆ ಹೇಳುತ್ತಿದ್ದರು. ಆ ಮಾತು ಗುರುಗಳ ಕಿವಿಗೂ ಬಿದ್ದಿತ್ತು. ಅವರು ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ.

ಆ ಹನ್ನೆರಡು ಮಂದಿಯಲ್ಲಿ ಅಡುಗೆಮನೆ ನೋಡಿಕೊಳ್ಳುತ್ತಿದ್ದವನು ಕಲ್ಲಿನಾಥ. ಇಪ್ಪತ್ತಾರು ವರ್ಷದವನು. ನಡಿಗೆಯಲ್ಲಿ ಮಾತ್ರ ಎಲ್ಲರಿಗಿಂತ ಹಿಂದೆ. ಸಾರಿನ ಕೊಳಗ ಎತ್ತಿಕೊಂಡರೆ ಸಾಕು, ಅವನ ಹಿಮ್ಮಡಿ ದಬ್ಬೆಂದು ನೆಲಕ್ಕೆ ಬೀಳುತ್ತಿತ್ತು.

"ಏನಯ್ಯಾ, ಗುರುಗಳು ನಡೆಯೋ ದಾರೀಲಿ ನೀನು ಎತ್ತಿನ ಹಾಗೆ ನಡೀತೀಯಲ್ಲ!" ಎಂದು ಹಿರಿಯ ಶಿಷ್ಯ ದ್ಯಾಮಣ್ಣ ರೇಗಿಸುತ್ತಿದ್ದ.

ಕಲ್ಲಿನಾಥ ನಗುತ್ತಿದ್ದ. ಒಳಗೆ ಉರಿಯುತ್ತಿತ್ತು. ಗುರುಗಳು ಒಂದೇ ಒಂದು ಸಲ ತನ್ನ ನಡಿಗೆ ನೋಡಿ ತಲೆದೂಗಬೇಕು. ಅವನಿಗೆ ಬೇಕಾಗಿದ್ದುದು ಅಷ್ಟೇ.

ವಿರೂಪಯ್ಯನವರು ಹಿಂದೆ ರಸಾಯನಶಾಸ್ತ್ರ ಕಲಿಸುತ್ತಿದ್ದವರು. ಆಶ್ರಮಕ್ಕೆ ಬಂದ ಮೇಲೂ ಹುಣ್ಣಿಮೆಗೊಂದು ಪಾಠ ತಪ್ಪಿಸುತ್ತಿರಲಿಲ್ಲ. ಆ ವರ್ಷ ಆಶ್ವಯುಜದ ಹುಣ್ಣಿಮೆಯ ದಿನ ಅವರು ಒಂದು ಹಿಡಿ ಹಸಿಮಣ್ಣು ತರಿಸಿ, ಉಂಡೆ ಕಟ್ಟಿ, ಅದಕ್ಕೆ ಒಂದರಿಂದೊಂದು ಸಮದೂರದಲ್ಲಿ ನಾಲ್ಕು ಬೇವಿನ ಕಡ್ಡಿ ಚುಚ್ಚಿದರು.

"ಈ ಉಂಡೆ ಇಂಗಾಲದ ಪರಮಾಣು ಅಂದುಕೊಳ್ಳಿ. ಇದಕ್ಕೆ ನಾಲ್ಕು ಕೈ. ಒಂದು ಕೈಯಲ್ಲಿ ಅಮೈನೋ ಗುಂಪು. ಅಂದರೆ ಒಂದು ಸಾರಜನಕ, ಅದಕ್ಕೆ ಅಂಟಿದ ಎರಡು ಜಲಜನಕ. ಎರಡನೆಯ ಕೈಯಲ್ಲಿ ಆಮ್ಲದ ಗುಂಪು. ಮೂರನೆಯದರಲ್ಲಿ ಬರೀ ಒಂದು ಜಲಜನಕ. ಇದಕ್ಕೆ ಅಮೈನೋ ಆಮ್ಲ ಅಂತ ಹೆಸರು."

"ಇದು ಎಲ್ಲಿರುತ್ತೆ ಗುರುಗಳೇ?" ಎಂದ ಕಲ್ಲಿನಾಥ.

"ನಿನ್ನ ಕೂದಲಲ್ಲಿ. ಹಸುವಿನ ಹಾಲಲ್ಲಿ. ನೀನು ಬೇಯಿಸೋ ಬೇಳೆಯಲ್ಲಿ. ಹಾವಿನ ವಿಷದಲ್ಲೂ. ಹೆಚ್ಚುಕಡಿಮೆ ಎಲ್ಲ ಕಡೆಯೂ ಈ ಮೂರು ಕೈ ಒಂದೇ."

ಅವರು ಉಂಡೆಯನ್ನು ಹಲಗೆಯ ಮೇಲಿಟ್ಟರು. ಮೂರು ಕಡ್ಡಿಗಳನ್ನು ಕಾಲು ಮಾಡಿಕೊಂಡು ಅದು ಗಟ್ಟಿಯಾಗಿ ನಿಂತಿತು. ನಾಲ್ಕನೆಯದು ಆಕಾಶ ನೋಡುತ್ತಿತ್ತು.

"ಆ ನಾಲ್ಕನೆಯ ಕೈಯಲ್ಲಿ?"

"ಒಂದೊಂದರಲ್ಲಿ ಒಂದೊಂದು ಇರುತ್ತೆ," ಎಂದರು ಗುರುಗಳು. ಅಷ್ಟರಲ್ಲಿ ಪೂಜೆಯ ಗಂಟೆಯಾಯಿತು. ಪಾಠ ಅಲ್ಲಿಗೆ ನಿಂತಿತು.

ಕಲ್ಲಿನಾಥನ ಮನಸ್ಸಿನಲ್ಲಿ ಪಾಠ ನಿಲ್ಲಲಿಲ್ಲ. ಹಾಲು, ವಿಷ, ಬೇಳೆ, ತಾನು! ನಾಲ್ಕರಲ್ಲಿ ಮೂರು ಒಂದೇ ಆದ ಮೇಲೆ ಉಳಿದ ಒಂದು ಯಾವ ಲೆಕ್ಕ? ಎಲ್ಲವೂ ಒಂದೇ. ಗುರುಗಳು ಇದನ್ನೇ ಹೇಳಿದ್ದು ಎಂದು ಅವನು ಹಿಗ್ಗಿದ.

ಆ ವಾರವೇ ಭಕ್ತರೊಬ್ಬರು ಗಾಡಿ ತುಂಬ ಬೇಳೆ ಕಳಿಸಿದರು. ಮೂಟೆ ಬಿಚ್ಚಿ ನೋಡಿದರೆ ತೊಗರಿ ಬೇಳೆಯ ಜೊತೆ ಕೇಸರಿ ಬೇಳೆ ಬೆರೆತಿತ್ತು. ಮೂಲೆ ಮುರಿದಂಥ, ಚಪ್ಪಟೆಯಾದ, ಮಂಕು ಹಳದಿಯ ಕಾಳು. ಮೂರರಲ್ಲಿ ಒಂದು ಪಾಲು ಅದೇ.

ಆಶ್ರಮದಲ್ಲಿ ಅದಕ್ಕೊಂದು ಕಟ್ಟಳೆಯಿತ್ತು. ಕೇಸರಿ ಬೇಳೆಯನ್ನು ಒಂದೊಂದೇ ಆರಿಸಿ ತೆಗೆದು ಗುಂಡಿಯಲ್ಲಿ ಹೂಳಬೇಕು. ಗುರುಗಳೇ ಮೊರದ ಮುಂದೆ ನಿಂತು ಆರಿಸುವುದನ್ನು ನೋಡುತ್ತಿದ್ದರು.

"ಗುರುಗಳೇ, ಇದರಲ್ಲೂ ಆ ಮೂರು ಕೈ ಇವೆ ತಾನೆ?"

"ಇವೆ."

"ಮತ್ತೆ ಅನ್ನವನ್ನ ಯಾಕೆ ಮಣ್ಣಿಗೆ ಹಾಕಬೇಕು?"

ವಿರೂಪಯ್ಯನವರು ತಮ್ಮ ಪಾದಗಳನ್ನು ನೋಡಿಕೊಂಡರು. ಆಮೇಲೆ ನದಿಯನ್ನು ನೋಡಿದರು.

"ಹೇಳಿದಷ್ಟು ಮಾಡು," ಎಂದು ಊರುಗೋಲು ಊರಿಕೊಂಡು ಹೊರಟುಹೋದರು.

ಕಾರಣ ಹೇಳದೆ ಹೋದರು ಎಂದರೆ ಇದು ಪರೀಕ್ಷೆಯೇ ಎಂದು ಕಲ್ಲಿನಾಥ ತೀರ್ಮಾನಿಸಿದ. ಆರಿಸಿದ್ದನ್ನು ಅವನು ಗುಂಡಿಗೆ ಹಾಕಲಿಲ್ಲ. ಉಗ್ರಾಣದ ಮೂಲೆಯ ಮಣ್ಣಿನ ಹರವಿಗಳಿಗೆ ತುಂಬಿದ.

ಶುದ್ಧವಾದ ತೊಗರಿ ಎಲ್ಲರ ಎಲೆಗೆ ಬಡಿಸಿದ. ಆರಿಸಿ ತೆಗೆದದ್ದನ್ನು ಬೇಯಿಸಿ ತಾನೊಬ್ಬನೇ ಉಂಡ. ಬೆಳಿಗ್ಗೆ ಅದೇ, ಸಂಜೆ ಅದೇ. ಅನ್ನ ಬಿಟ್ಟ, ಮಜ್ಜಿಗೆ ಬಿಟ್ಟ. ಯಾರಿಗೂ ಹೇಳಲಿಲ್ಲ. ಹೇಳಿದರೆ ವ್ರತ ಕೆಡುತ್ತದಲ್ಲ!

ಕಾರ್ತಿಕ ಕಳೆಯಿತು. ಮಾರ್ಗಶಿರ, ಪುಷ್ಯ ಕಳೆದವು.

ಮಾಘ ಶುದ್ಧ ದಶಮಿಯ ಬೆಳಿಗ್ಗೆ ಕಲ್ಲಿನಾಥ ನದಿಯಿಂದ ನೀರು ಹೊತ್ತು ತಂದ. ತುಂಬಿದ ಕೊಡ ಹೆಗಲ ಮೇಲಿತ್ತು. ಆದರೂ ಅವನ ಹಿಮ್ಮಡಿ ನೆಲ ಮುಟ್ಟಲಿಲ್ಲ. ಅವನು ಪ್ರಯತ್ನಪಟ್ಟಿರಲಿಲ್ಲ. ತಾನಾಗಿಯೇ ಬಂದಿತ್ತು!

ಜಗಲಿಯ ಮೇಲೆ ಕುಳಿತಿದ್ದ ದ್ಯಾಮಣ್ಣ ಹೆಜ್ಜೆಯ ಸದ್ದಿಗೆ ದಡಕ್ಕನೆ ಎದ್ದು ಕೈಮುಗಿದ. ತಿರುಗಿ ನೋಡಿ ಪೆಚ್ಚಾದ.

"ಥೂ ನಿನ್ನ! ಗುರುಗಳು ಬಂದರು ಅಂತ ಎದ್ದು ನಿಂತುಬಿಟ್ಟೆನಲ್ಲೋ!"

ಕಲ್ಲಿನಾಥನಿಗೆ ಅದಕ್ಕಿಂತ ದೊಡ್ಡ ಮಾತು ಬೇಕಿರಲಿಲ್ಲ. ಕೊಡ ಇಳಿಸಿ ನೇರವಾಗಿ ಗುರುಗಳ ಕೋಣೆಗೆ ಹೋದ.

ವಿರೂಪಯ್ಯನವರು ಕಿಟಕಿಯ ಬಳಿ ಓದುತ್ತಾ ಕುಳಿತಿದ್ದರು.

"ಗುರುಗಳೇ, ಒಮ್ಮೆ ನೋಡಬೇಕು."

ಅವನು ಬಾಗಿಲಿನಿಂದ ಗೋಡೆಯವರೆಗೆ ನಡೆದ. ಗೋಡೆಯಿಂದ ಬಾಗಿಲಿಗೆ ನಡೆದ. ಮೊಣಕಾಲು ಮೊಣಕಾಲನ್ನು ಸವರಿತು.

ಗುರುಗಳ ಕೈಯಿಂದ ಪುಸ್ತಕ ಜಾರಿತು.

"ಇನ್ನೊಂದು ಸಲ ನಡೆ."

ಅವನು ಇನ್ನೊಂದು ಸಲ ನಡೆದ. ಮುಖದಲ್ಲಿ ಬೆಳಕು.

"ಈಗ ಕಷ್ಟವೇ ಇಲ್ಲ ಗುರುಗಳೇ. ಒಲಿದುಬಿಟ್ಟಿದೆ."

"ಹಿಮ್ಮಡಿ ಊರು."

"ಗುರುಗಳೇ?"

"ನೆಲಕ್ಕೆ ಹಿಮ್ಮಡಿ ಊರು ಕಲ್ಲಿನಾಥ!"

ಗುರುಗಳು ದನಿ ಏರಿಸಿದ್ದನ್ನು ಅವನು ಅದುವರೆಗೆ ಕೇಳಿರಲಿಲ್ಲ. ಗಾಬರಿಯಿಂದ ಹಿಮ್ಮಡಿ ಕೆಳಗೆ ಒತ್ತಿದ. ಅದು ಇಳಿಯಲಿಲ್ಲ. ಗೋಡೆ ಹಿಡಿದು ಒತ್ತಿದ. ಮೀನಖಂಡ ಹಗ್ಗದ ಹಾಗೆ ಬಿಗಿದು ನಡುಗತೊಡಗಿತು. ಹಿಮ್ಮಡಿಗೂ ನೆಲಕ್ಕೂ ನಡುವೆ ಎರಡು ಬೆರಳಿನ ಜಾಗ ಹಾಗೆಯೇ ಉಳಿಯಿತು.

ತನ್ನ ಕಾಲು ತನ್ನ ಮಾತು ಕೇಳುತ್ತಿಲ್ಲ.

"ಏನು ತಿನ್ನುತ್ತಿದ್ದೀ?"

"ನಾನು... ಒಂದು ವ್ರತ..."

"ಏನು ತಿಂದೆ ಅಂತ ಕೇಳಿದೆ."

"ಆರಿಸಿದ ಬೇಳೆ. ನಾಲ್ಕು ತಿಂಗಳಾಗ್ತಾ ಬಂತು. ನಾನೊಬ್ಬನೇ. ಬೇರೆ ಯಾರಿಗೂ ಹಾಕಿಲ್ಲ ಗುರುಗಳೇ, ಆಣೆ ಮಾಡ್ತೀನಿ."

ವಿರೂಪಯ್ಯನವರು ಎರಡು ಕೈಯಿಂದ ಮುಖ ಮುಚ್ಚಿಕೊಂಡರು. ಆಮೇಲೆ ಕೈ ತೆಗೆದು, ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿದರು.

ಗುರುಗಳ ಕಾಲನ್ನು ಯಾವ ಶಿಷ್ಯನೂ ನೋಡಿರಲಿಲ್ಲ. ನಮಸ್ಕಾರ ಮಾಡುವಾಗ ಕಾಣುತ್ತಿದ್ದುದು ಬೆರಳುಗಳಷ್ಟೆ. ಕಲ್ಲಿನಾಥ ನೋಡಿದ. ಕಡ್ಡಿಯಂಥ ಎರಡು ಕಾಲು. ಮೇಲಿನಿಂದ ಕೆಳಗೆ ಬಿಗಿದ ನರ. ಎರಡೂ ಕಾಲು ಒಂದರ ಮೇಲೊಂದು ಹೆಣೆದುಕೊಂಡಿವೆ.

"ಇದು ವ್ರತ ಅಲ್ಲವೇ?"

"ಇದು ಕೇಸರಿ ಬೇಳೆ."

ಕಲ್ಲಿನಾಥ ಗೋಡೆಗೆ ಒರಗಿ ಕುಳಿತ.

"ನಿನ್ನ ವಯಸ್ಸಿನಲ್ಲಿ ದೂರದ ಒಂದು ಸೀಮೆಗೆ ಪಾಠ ಹೇಳೋಕೆ ಹೋಗಿದ್ದೆ. ಅಲ್ಲಿ ಬರ. ಜನಕ್ಕೆ ಸಿಗುತ್ತಿದ್ದುದು ಈ ಕಾಳು ಒಂದೇ. ಅವರಿಗೆ ಬೇರೆ ಗತಿ ಇರಲಿಲ್ಲ. ನನಗೆ ಇತ್ತು. ಆದರೂ ಅದನ್ನೇ ತಿಂದೆ. ತ್ಯಾಗ ಅಂದುಕೊಂಡಿದ್ದೆ."

ಗೋಡೆಯ ಗೂಡಿನಲ್ಲಿ ಆಶ್ವಯುಜದ ಮಣ್ಣಿನ ಉಂಡೆ ಒಣಗಿ ಕುಳಿತಿತ್ತು. ಗುರುಗಳು ಅದನ್ನು ತೆಗೆದು ಶಿಷ್ಯನ ಮುಂದಿಟ್ಟರು.

"ಅಂದು ಇದರ ಪಾಠ ಮುಗಿಸಲಿಲ್ಲ. ನಮ್ಮ ನರಗಳ ನಡುವೆ ಸುದ್ದಿ ಒಯ್ಯುವ ಅಮೈನೋ ಆಮ್ಲ ಒಂದಿದೆ. ಗ್ಲುಟಾಮಿಕ್ ಆಮ್ಲ ಅಂತ. ಅದು ಬಂದು ತಟ್ಟಿದರೆ ನರ ಬಾಗಿಲು ತೆಗೆಯುತ್ತೆ. ಸುದ್ದಿ ಕೊಟ್ಟು ಅದು ಹೊರಟುಹೋಗುತ್ತೆ."

"ಕೇಸರಿ ಬೇಳೆಯಲ್ಲಿ ಇರೋದು ಅದೇನಾ?"

"ಅದರ ಹಾಗೆ ಕಾಣೋದು. ಮೂರು ಕೈ ಅವೇ. ನಾಲ್ಕನೆಯ ಕೈಯ ತುದಿಯೂ ಅದರ ಹಾಗೇ ಇದೆ. ನರ ಮೋಸ ಹೋಗಿ ಬಾಗಿಲು ತೆಗೆಯುತ್ತೆ. ಆದರೆ ಇದು ತಟ್ಟುತ್ತಲೇ ಇರುತ್ತೆ. ತಟ್ಟಿ ತಟ್ಟಿ ನರವನ್ನೇ ಕೊಲ್ಲುತ್ತೆ."

ಅವರು ಮೇಲಿನ ಕಡ್ಡಿಯನ್ನು ಬೆರಳಿನಿಂದ ಮುಟ್ಟಿದರು.

"ಹಾಲು ಹಾಲಾಗೋದು, ವಿಷ ವಿಷವಾಗೋದು ಇಲ್ಲಿಂದ."

"ನನಗೆ ಮತ್ತೆ ಹಿಮ್ಮಡಿ ಊರೋಕೆ ಆಗುತ್ತಾ ಗುರುಗಳೇ?"

"ಗೊತ್ತಿಲ್ಲ. ಇವತ್ತೇ ನಿಲ್ಲಿಸಿದರೆ ಬಹುಶಃ ಇನ್ನೂ ಹೆಚ್ಚಾಗಲಿಕ್ಕಿಲ್ಲ. ಬಂದದ್ದು ಹೋಗುತ್ತೆ ಅಂತ ನಾನು ಸುಳ್ಳು ಹೇಳಲ್ಲ."

ಬಾಗಿಲಲ್ಲಿ ದ್ಯಾಮಣ್ಣ ನಿಂತಿದ್ದ. ಅವನ ಹಿಂದೆ ಉಳಿದವರು. ಗುರುಗಳ ಕೂಗು ಕೇಳಿ ಓಡಿಬಂದಿದ್ದರು. ಎಲ್ಲರ ಕಣ್ಣೂ ಆ ಎರಡು ಬರಿಗಾಲುಗಳ ಮೇಲಿತ್ತು.

"ಗಾಡಿ ಕಟ್ಟು ದ್ಯಾಮಣ್ಣ. ಆಸ್ಪತ್ರೆಗೆ ಹೋಗಬೇಕು. ಇಬ್ಬರೂ ಹೋಗ್ತೀವಿ. ಉಗ್ರಾಣದಲ್ಲಿ ಆ ಬೇಳೆ ಎಷ್ಟು ಉಳಿದಿದೆಯೋ ಅಷ್ಟನ್ನೂ ಈಗಲೇ ಹೂಳು."

ದ್ಯಾಮಣ್ಣನೇ ಕಲ್ಲಿನಾಥನನ್ನು ಎತ್ತಿ ಗಾಡಿಯಲ್ಲಿ ಕೂರಿಸಿದ. ಎತ್ತು ಎಂದು ರೇಗಿಸಿದವನು ಈಗ ಅವನ ಮುಖ ನೋಡಲಾರದೆ ಗಾಡಿಯ ಕಮಾನನ್ನೇ ನೋಡುತ್ತಿದ್ದ.

ಗಾಡಿ ಹೊಡೆಯುವ ಆಳು ಎತ್ತುಗಳನ್ನು ಎಬ್ಬಿಸಿದ, ಗಾಡಿ ಹೊರಟಿತು. ಹನ್ನೊಂದು ಮಂದಿ ಹೆಬ್ಬಾಗಿಲವರೆಗೆ ಹಿಂದೆ ಬಂದರು. ಎಂದಿನ ಹಾಗೆ ತುದಿಗಾಲಿನಲ್ಲಿ. ಅವರಿಗೇ ಅದರ ಅರಿವಿರಲಿಲ್ಲ.

ಗುರುಗಳು ಗಾಡಿಯಿಂದ ಬಾಗಿ ಕೂಗಿದರು.

"ಹಿಮ್ಮಡಿ ಊರಿ! ನಿಮಗೆ ಆಗುತ್ತಲ್ಲ, ಊರಿ!"

ಹನ್ನೊಂದು ಮಂದಿ ಬೆಚ್ಚಿಬಿದ್ದು ನಿಂತರು. ಹಿಮ್ಮಡಿಗಳು ನೆಲ ಮುಟ್ಟಿದವು. ಆ ಅಂಗಳದಲ್ಲಿ ಅಂಥ ಸದ್ದು ಹಿಂದೆಂದೂ ಕೇಳಿರಲಿಲ್ಲ.

ಗಾಡಿ ಕೆರೆಯ ಏರಿ ದಾಟಿತು. ವಿರೂಪಯ್ಯನವರು ಬಾಗಿ, ಶಿಷ್ಯನ ಪಾದವನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಕಲ್ಲಿನಾಥ ಹೌಹಾರಿ ಕಾಲು ಎಳೆದುಕೊಳ್ಳಲು ಹೋದ. ಕಾಲು ಬರಲಿಲ್ಲ. ಗುರುಗಳು ಆ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಒತ್ತತೊಡಗಿದರು.

"ವ್ರತ ಅಲ್ಲ, ರೋಗ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ ಗುರುಗಳೇ," ಎಂದ ಕಲ್ಲಿನಾಥ. "ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀವೆಲ್ಲ ನನ್ನ ಹಿಂದೆ ಹಾಗೆ ನಡೆದು ಬರೋ ಸದ್ದು ಕೇಳೋಕೆ ಹಿತವಾಗಿತ್ತು, ಕಲ್ಲಿನಾಥ."