ಭೂತಬಂಗಲೆಗೆ ಮಕ್ಕಳನ್ನು ಬಿಡಬಹುದೇ?

ಊರಿನ ಟಾಕೀಸಿಗೆ ಭೂತಬಂಗಲೆಯ ಸಿನಿಮಾ ಬಂದಿತ್ತು. ಮೊದಲ ದಿನ ಅದನ್ನು ನೋಡಿದ ಪಕ್ಕದ ಬೀದಿಯ ಹುಡುಗಿ ಹೆದರಿ, ಜ್ವರ ಹಿಡಿದು ಮಲಗಿದ್ದಳು. ಗೇಟು ಕಾಯುವ ಚಿಕ್ಕತಾಯಮ್ಮ ಅವಳನ್ನು ನೋಡಿಬಂದವಳು ಮಕ್ಕಳನ್ನು ಒಳಗೆ ಬಿಡಲೇ ಇಲ್ಲ.

ಮಾಲೀಕ ಶಾಂತಮಲ್ಲಪ್ಪ ಗುಡುಗಿದರು: “ಅದರಲ್ಲಿ ಹೆದರೋಕೇನಿದೆ? ಮಕ್ಕಳನ್ನ ಬಿಡದಿದ್ರೆ ನಾಳೆಯಿಂದ ನೀನೂ ಬರಬೇಡ!”

“ಆಯ್ತು ಬುದ್ಧೀ. ತಾವೊಬ್ಬರೇ ಕುಂತು ನೋಡಿಬಿಡಿ. ಮಾಲೀಕರೇ ನೋಡವ್ರೆ ಅಂತ ತಾಯಂದಿರಿಗೆ ಧೈರ್ಯ ಹೇಳ್ತೀನಿ.”

ಮಾಲೀಕರು ಮೀಸೆ ತಿರುವಿ, ಖಾಲಿ ಟಾಕೀಸಿನಲ್ಲಿ ಕೂತು ಸಿನಿಮಾ ಹಾಕಿಸಿದರು. ಅರ್ಧವೂ ಮುಗಿದಿರಲಿಲ್ಲ, ಕತ್ತಲೊಳಗಿಂದ ಕೂಗು ಬಂತು: “ಚಿಕ್ಕತಾಯೀ, ಬಾರವ್ವ, ಪಕ್ಕದಲ್ಲಿ ಕೂತ್ಕೋ!”

ಅವಳು ಬಾಗಿಲಲ್ಲೇ ನಿಂತು ಮೆಲ್ಲಗೆ ಕೇಳಿದಳು: “ಬತ್ತೀನಿ ಬುದ್ಧೀ. ನಾಳೆ ಅಷ್ಟೊಂದು ಮಕ್ಕಳು ಹಿಂಗೇ ಕೂಗಿದ್ರೆ ಯಾರ‍್ಯಾರ ಪಕ್ಕ ಕೂರಲಿ?”

ಸ್ವಲ್ಪ ಹೊತ್ತಿಗೆ ಮಾಲೀಕರು ಹೊರಬಂದು, “ಮಕ್ಕಳಿಗೆ ಪ್ರವೇಶವಿಲ್ಲ ಅಂತ ಬೋರ್ಡು ಹಾಕ್ಸು” ಎಂದರು.