ಗಾಯಕಿಯ ನೆನಪಿನ ಸಭೆ

"ಗುರುಗಳೇ, ಕೋಪವನ್ನು ಗೆದ್ದವನೇ ದೊಡ್ಡವನಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಬಟ್ಟೆ ನೇಯುವ ಹೆಂಗಸೊಬ್ಬಳಿದ್ದಳು. ಅವಳಿಗೆ ಒಬ್ಬಳೇ ಮಗಳು. ಮಗಳ ಮೈ ಬೆಳೆಯಿತು, ಬುದ್ಧಿ ಅದರ ಜೊತೆಗೆ ಬೆಳೆಯಲಿಲ್ಲ. ಇಪ್ಪತ್ತು ತುಂಬಿದರೂ ಮಾತಿಲ್ಲ. ಗೋಡೆಗೆ ಮುಖ ಮಾಡಿ ದಿನವಿಡೀ ಹಿಂದೆ ಮುಂದೆ ತೂಗಾಡುತ್ತಿದ್ದಳು. ಊರವರು ಕಂಡೂ ಕಾಣದವರಂತೆ ಹೋಗುತ್ತಿದ್ದರು.

ಅದೇ ಊರಿನಲ್ಲಿ ಹೆಸರು ಮಾಡಿದ ಗಾಯಕಿಯೊಬ್ಬಳಿದ್ದಳು. ಕಚೇರಿಗಳನ್ನು ಬಿಟ್ಟು, ಇಂಥವರನ್ನು ಹುಡುಕಿಕೊಂಡು ಹೋಗಿ, ಸಂಗೀತದಿಂದ ಅವರ ಆರೈಕೆ ಮಾಡುವುದನ್ನೇ ಬದುಕಾಗಿಸಿಕೊಂಡಿದ್ದಳು. ಅವಳು ಈ ಮನೆಗೂ ಬಂದಳು. ತಾನೂ ಗೋಡೆಗೆ ಮುಖ ಮಾಡಿ ಹುಡುಗಿಯ ಪಕ್ಕ ಕೂತಳು. ಹುಡುಗಿ ತೂಗಾಡಿದಂತೆ ತೂಗಾಡಿ, ಆ ಲಯಕ್ಕೇ ಮೆಲ್ಲಗೆ ಗುನುಗಿದಳು. ವಾರಕ್ಕೆರಡು ದಿನ, ಮೂರು ವರ್ಷ. ಒಂದು ಮಧ್ಯಾಹ್ನ ಹುಡುಗಿ ತಿರುಗಿ ಅವಳ ಮುಖ ನೋಡಿದಳು. ಒರಟು ದನಿಯಲ್ಲಿ ತಾನೂ ಒಂದು ಸ್ವರ ಎತ್ತಿದಳು. ಮಗ್ಗದ ಮೇಲಿದ್ದ ತಾಯಿಯ ಕೈ ನಿಂತಿತು.

ಗಾಯಕಿ ತೀರಿಕೊಂಡಳು. ಊರಿನ ಜವಳಿ ವ್ಯಾಪಾರಿ ಮುಂದೆ ನಿಂತು ಅವಳ ನೆನಪಿಗೆ ಸಭೆ ಕರೆದ. ದೂರದಿಂದ ವಿದ್ವಾಂಸರು ಬಂದರು. ತಾಯಿಯೂ ಮಗಳ ಕೈ ಹಿಡಿದು ಬಂದು ಕೂತಳು. ಹಾಡು ಶುರುವಾಯಿತು. ಹುಡುಗಿ ತೂಗಾಡತೊಡಗಿದಳು, ಆಮೇಲೆ ಗಟ್ಟಿಯಾಗಿ ಸ್ವರ ಎತ್ತಿದಳು. ಹಾಡುತ್ತಿದ್ದ ವಿದ್ವಾಂಸ ಮುಖ ಸಿಂಡರಿಸಿ ನಿಲ್ಲಿಸಿದ.

ವ್ಯಾಪಾರಿ ಧಾವಿಸಿ ಬಂದ. "ಅವಳ ಬಾಯಿ ಮುಚ್ಚಿಸು. ಇಲ್ಲವೇ ಹೊರಗೆ ಕರೆದುಕೊಂಡು ಹೋಗು. ಸಭೆಯ ಮರ್ಯಾದೆ ಹಾಳಾಗುತ್ತಿದೆ."

ತಾಯಿ ಎದ್ದು ನಿಂತಳು. ಅವನೆದುರು ಎಂದೂ ತಲೆ ಎತ್ತಿದವಳಲ್ಲ. ಅವಳು ನೇಯ್ದದ್ದನ್ನು ಕೊಳ್ಳುವವನು ಅವನೊಬ್ಬನೇ.

"ಈ ಬಾಯಿ ತೆರೆಸಲು ಅಮ್ಮಾವರು ಮೂರು ವರ್ಷ ನನ್ನ ಮನೆಯ ನೆಲದ ಮೇಲೆ ಕೂತರು," ಎಂದು ಕೂಗಿದಳು. "ಅವರ ಪಟದ ಮುಂದೆಯೇ ನಿಂತು ಮುಚ್ಚಿಸು ಅನ್ನುತ್ತೀಯಲ್ಲ, ನಾಚಿಕೆಯಾಗುವುದಿಲ್ಲವೇ ನಿನಗೆ? ಹಾಡು ಮಗಳೇ, ಹಾಡು!"

ವ್ಯಾಪಾರಿಯ ಆಳುಗಳು ಬಂದು ಇಬ್ಬರನ್ನೂ ಹೊರಗೆ ದಬ್ಬಿ ಬಾಗಿಲು ಹಾಕಿದರು. ಮರುದಿನದಿಂದ ವ್ಯಾಪಾರಿ ಅವಳ ಬಟ್ಟೆ ಕೊಳ್ಳಲಿಲ್ಲ. ಅವಳೂ ಹೋಗಿ ಕ್ಷಮೆ ಕೇಳಲಿಲ್ಲ. ಮಗ್ಗ ಬಿಚ್ಚಿ ಗಾಡಿಗೇರಿಸಿ, ಮಗಳೊಡನೆ ಊರನ್ನೇ ಬಿಟ್ಟಳು.

ಶಿಷ್ಯನ ಮುಖ ಕೆಂಪಾಗಿತ್ತು. "ಅಷ್ಟು ಜನರಲ್ಲಿ ಅವಳ ಪರವಾಗಿ ಒಬ್ಬರೂ ಏಳಲಿಲ್ಲವೇ?" ಎಂದ.

"ಮೊದಲ ಸಾಲಿನಲ್ಲಿ ನಾನು ಶಾಂತನಾಗಿ ಕೂತಿದ್ದೆ," ಎಂದರು ಗುರುಗಳು.